ಮೊರೀಯದ ಓದಿನ ನಂತರ ಏನು ಹಾಡುವುದು? ಒಂದು ಭಾನುವಾರದ ಹಾಡುಪಟ್ಟಿಯ ಪ್ರಕರಣ

ನಮ್ಮ ಚರ್ಚಿನಲ್ಲಿ ಜೂನ್ ಕೊನೆಯ ಭಾನುವಾರದ ಆರಾಧನೆಗೆ ಐದು ಹಾಡುಗಳನ್ನು ಆರಿಸುವ ಕೆಲಸ ಮೂರು ವಾರ ಮೊದಲೇ ಮುಗಿದಿತ್ತು. ಪಟ್ಟಿ ಕೆಟ್ಟದಾಗಿತ್ತು ಎಂದು ನಾನು ಹೇಳಲಾರೆ, ಅದನ್ನು ಮಾಡಿದ ನಾಲ್ವರಲ್ಲಿ ನಾನೂ ಒಬ್ಬ. ಆರಂಭಕ್ಕೆ ಚುರುಕಾದ ಒಂದು ಸ್ತುತಿ, ಅದರ ಬೆನ್ನಿಗೇ ಇನ್ನೊಂದು, ಸತ್ಯವೇದದ (ಬೈಬಲಿನ) ಓದಿನ ನಂತರ ಚಪ್ಪಾಳೆಯೊಂದಿಗೆ ಹಾಡುವ ಹೊಸ ಹಾಡು, ಕಾಣಿಕೆಯ ಹೊತ್ತಿಗೆ ಎಲ್ಲರಿಗೂ ಬಾಯಿಪಾಠವಾಗಿರುವ ಹಳೆಯ ಸಂಗೀತ, ಕೊನೆಗೆ ಮತ್ತೆ ಸ್ತುತಿ. ಹಳಬರು ಮತ್ತು ಕಿರಿಯರು ಇಬ್ಬರ ರುಚಿಗೂ ಪಾಲು ಸಿಕ್ಕಿತ್ತು, ಗಿಟಾರ್ ಹಿಡಿಯುವ ಹುಡುಗರಿಗೂ ಹಾರ್ಮೋನಿಯಂ ನುಡಿಸುವ ಹಿರಿಯರಿಗೂ ಕೆಲಸವಿತ್ತು. ನಮ್ಮ ಸಮಿತಿಯಲ್ಲಿ ಹಾಡಿನ ಆಯ್ಕೆ ಎಂದರೆ ಬಹುಮಟ್ಟಿಗೆ ಇಂಥ ಪಾಲುದಾರಿಕೆಯೇ ಆಗಿತ್ತು, ಅದು ಶಾಂತವಾಗಿ ನಡೆದುಹೋದರೆ ಕೆಲಸ ಮುಗಿಯಿತೆಂದು ನಾವು ಎದ್ದುಬಿಡುತ್ತಿದ್ದೆವು.

ಆ ಭಾನುವಾರದ ಓದುಗಳು ಯಾವುವು ಎಂಬುದನ್ನು ಪಟ್ಟಿ ಮಾಡುವಾಗ ಯಾರೂ ತೆರೆದು ನೋಡಿರಲಿಲ್ಲ. ಯಾವ ಭಾನುವಾರ ಸತ್ಯವೇದದ ಯಾವ ಭಾಗಗಳನ್ನು ಓದಬೇಕೆಂದು ಗೊತ್ತುಮಾಡುವ, 1992ರಲ್ಲಿ ಪ್ರಕಟವಾದ ಪರಿಷ್ಕೃತ ಸಾಮಾನ್ಯ ಪಾಠಪಟ್ಟಿಯನ್ನು ನಮ್ಮ ಸಭೆ ಅನುಸರಿಸುತ್ತದೆ. ಅದು ಮೂರು ವರ್ಷಗಳ ಸುತ್ತು, ಮೂರನ್ನೂ ಎ, ಬಿ, ಸಿ ಎಂದು ಕರೆಯುತ್ತಾರೆ. ಎ ವರ್ಷದಲ್ಲಿ ಜೂನ್ 26 ಮತ್ತು ಜುಲೈ 2ರ ನಡುವೆ ಬರುವ ಭಾನುವಾರಕ್ಕೆ ಆದಿಕಾಂಡದ 22ನೆಯ ಅಧ್ಯಾಯ, ಸತ್ಯವೇದದ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ 13ನೆಯದು, ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದ ಉತ್ತರಾರ್ಧ, ಮತ್ತಾಯನ 10ನೆಯ ಅಧ್ಯಾಯದ ಕೊನೆಯ ಮೂರು ವಚನಗಳು ಬರುತ್ತವೆ. ಅಂದರೆ ಅಬ್ರಹಾಮನು ದೇವರ ಮಾತಿನಂತೆ ಮಗನಾದ ಇಸಾಕನನ್ನು ಬಲಿಕೊಡಲು ಕರೆದುಕೊಂಡು ಮೊರೀಯಕ್ಕೆ ಹೋಗುವ ಓದು. ನಮ್ಮ ಪಟ್ಟಿಯ ಪ್ರಕಾರ ಆ ಓದು ಮುಗಿದ ಕೂಡಲೇ ಚಪ್ಪಾಳೆ.

ಇದನ್ನು ಮೊದಲು ಗಮನಿಸಿದವರು ಸಭಾಪಾಲಕರು (ಪಾಸ್ಟರ್), ಮತ್ತು ಅವರು ಗಮನಿಸಿದ್ದಕ್ಕೆ ಒಂದು ಕಾರಣವಿತ್ತು. ಸಭೆಯ ಒಂದು ಕುಟುಂಬ ಹದಿಹರೆಯದ ಮಗನನ್ನು ಮಣ್ಣು ಮಾಡಿ ಐದು ವಾರವಾಗಿತ್ತು. ತಂದೆ ತಾಯಿ ಇಬ್ಬರೂ ಅಂದು ಮೊದಲ ಬಾರಿಗೆ ಆರಾಧನೆಗೆ ಮರಳುವವರಿದ್ದರು.

ಓದನ್ನೇ ಬದಲಿಸುವ ದಾರಿಯೂ ಇತ್ತು. ಅದೇ ಪಾಠಪಟ್ಟಿ ಆ ದಿನಕ್ಕೆ ಯೆರೆಮೀಯನ 28ನೆಯ ಅಧ್ಯಾಯದ ಭಾಗವನ್ನೂ 89ನೆಯ ಕೀರ್ತನೆಯ ಭಾಗವನ್ನೂ ಪರ್ಯಾಯವಾಗಿ ಕೊಡುತ್ತದೆ, ಆದ್ದರಿಂದ ಬದಲಿಸಿದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಸಭಾಪಾಲಕರು ತಾವಾಗಿ ತೀರ್ಮಾನಿಸದೆ ಆ ಮನೆಗೆ ಹೋಗಿ ವಿಷಯ ತಿಳಿಸಿದರು. ತಾಯಿ ಹೇಳಿದ್ದನ್ನು ಅವರು ಸಮಿತಿಯ ಮುಂದೆ ಇಟ್ಟರು: ಓದನ್ನು ನನಗಾಗಿ ಬಚ್ಚಿಡಬೇಡಿ, ಅದನ್ನು ಮನೆಯಲ್ಲಿ ಎಷ್ಟೋ ಸಲ ಓದಿದ್ದೇನೆ, ಆದರೆ ಅದರ ಹಿಂದೆಯೇ ಕುಣಿಯುವ ಹಾಡು ಇಡಬೇಡಿ, ನಾನು ಎದ್ದು ಹೊರಗೆ ಹೋಗಬೇಕಾಗುತ್ತದೆ. ನಮ್ಮ ಪಟ್ಟಿಯನ್ನು ಆಕೆ ನೋಡಿರಲಿಲ್ಲ. ಹೇಗೂ ಅಂಥದ್ದೇ ಇರುತ್ತದೆ ಎಂದು ಆಕೆಗೆ ಗೊತ್ತಿತ್ತು, ಅದೇ ನನಗೆ ಹೆಚ್ಚು ಚುಚ್ಚಿದ್ದು.

ಓದಿನ ನಂತರದ ಹಾಡಿಗೆ ಒಂದು ಕೆಲಸವಿದೆ. ಆರಂಭದ ಹಾಡು ಚದುರಿ ಬಂದವರನ್ನು ಒಂದು ಸಭೆಯನ್ನಾಗಿ ಮಾಡಬೇಕು, ಕೊನೆಯ ಹಾಡು ಅವರನ್ನು ಕಳುಹಿಸಿಕೊಡಬೇಕು, ಕಾಣಿಕೆಯ ಹಾಡು ಸ್ವಲ್ಪ ಅತ್ತಿತ್ತ ಆದರೂ ನಡೆಯುತ್ತದೆ. ಓದಿಗೂ ಪ್ರಸಂಗಕ್ಕೂ (ಸಭಾಪಾಲಕರ ಉಪದೇಶಕ್ಕೂ) ನಡುವೆ ಬರುವ ಹಾಡು ಮಾತ್ರ ಕೇಳಿದ್ದಕ್ಕೆ ಸಭೆ ಕೊಡುವ ಉತ್ತರವಾಗಿರುತ್ತದೆ. ಆ ಜಾಗದಲ್ಲಿ ಸಭೆ ಏನನ್ನು ಹಾಡುತ್ತದೆಯೋ ಅದನ್ನೇ ಆ ವಾಕ್ಯದ ಅರ್ಥವೆಂದು ಮಕ್ಕಳು ಕಲಿಯುತ್ತಾರೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದ 16ನೆಯ ವಚನವನ್ನು ಹಾಡಿನ ಸಮಿತಿಗಳು ಆಗಾಗ ಉಲ್ಲೇಖಿಸುತ್ತವೆ, ಆದರೆ ಅಲ್ಲಿ ಹಾಡುವುದನ್ನು ಒಬ್ಬರಿಗೊಬ್ಬರು ಕಲಿಸುವ, ಬುದ್ಧಿ ಹೇಳುವ ಕೆಲಸದ ಜೊತೆಗೇ ಹೇಳಿದೆ ಎಂಬುದನ್ನು ಬೇಗ ದಾಟಿಬಿಡುತ್ತೇವೆ. ಹಾಡು ದೇವರ ಕಡೆಗೆ ಹೋಗುವಾಗ ಪಕ್ಕದ ಬೆಂಚಿನವರ ಕಿವಿಯ ಮೂಲಕವೇ ಹೋಗುತ್ತದೆ.

ಹಾಗಾಗಿ ಮೂರನೆಯ ಹಾಡನ್ನು ತೆಗೆದೆವು. ಅದರ ಬದಲಿಗೆ ಏನನ್ನು ಇಡುವುದು ಎಂದು ನಮ್ಮ ಹಾಡಿನ ಪುಸ್ತಕವನ್ನೂ ಕಿರಿಯರ ಹಾಡಿನ ಕಡತವನ್ನೂ ಎರಡು ಸಂಜೆ ಕೂತು ಹುಡುಕಿದೆವು. ದುಃಖದ ಹಾಡುಗಳು ಎಂದು ನಾವು ಗುರುತು ಹಾಕಿದ್ದವೆಲ್ಲ ಬಿಡಿಸಿ ನೋಡಿದರೆ ಪಶ್ಚಾತ್ತಾಪದ ಹಾಡುಗಳಾಗಿದ್ದವು. ಎರಡರ ರಾಗವೂ ಮೆಲ್ಲಗಿನದು, ಎರಡರಲ್ಲೂ ಕಣ್ಣೀರು ಬರುತ್ತದೆ, ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದು ಸುಲಭ. ಆದರೆ ಪಶ್ಚಾತ್ತಾಪದ ಹಾಡು ನಾನು ತಪ್ಪಿದ್ದೇನೆ ಎನ್ನುತ್ತದೆ, ಪ್ರಲಾಪದ ಹಾಡು ನೀನು ಎಲ್ಲಿದ್ದೀ ಎಂದು ಕೇಳುತ್ತದೆ. ಮಗನನ್ನು ಕಳೆದುಕೊಂಡವರ ಬಾಯಿಗೆ ಆ ಹೊತ್ತಿನಲ್ಲಿ ಮೊದಲನೆಯದನ್ನು ಕೊಟ್ಟರೆ ಅದು ಆರೋಪವಾಗುತ್ತದೆ. ಕೀರ್ತನೆಗಳ ಪುಸ್ತಕದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕೀರ್ತನೆಗಳು ಎರಡನೆಯ ಬಗೆಯವು. ನಮ್ಮ ಪುಸ್ತಕದಲ್ಲಿ ಅಂಥದ್ದು ಒಂದೂ ಇರಲಿಲ್ಲ. ಇದ್ದದ್ದು ಪಾಠಪಟ್ಟಿಯಲ್ಲಿಯೇ, ಆ ದಿನಕ್ಕೆ ನಿಗದಿಯಾದ 13ನೆಯ ಕೀರ್ತನೆಯಾಗಿ. ನಮ್ಮಲ್ಲಿ ಕೀರ್ತನೆಯನ್ನು ಒಬ್ಬರು ಓದುವುದು, ಉಳಿದವರು ಕೂತು ಕೇಳುವುದು ರೂಢಿ. ಎಷ್ಟರ ವರೆಗೆ ಎಂದು ನಾಲ್ಕು ಸಾರಿ ಕೇಳುವ ಆ ಪುಟ್ಟ ಕೀರ್ತನೆಯನ್ನು ಎಲ್ಲರೂ ಹಾಡುವಂತೆ ಮಾಡೋಣ ಎಂದು ತೀರ್ಮಾನಿಸಿದಾಗ ನಮಗೆ ಉಳಿದದ್ದು ಹದಿನೇಳು ದಿನ.

ಹದಿನೇಳು ದಿನದಲ್ಲಿ ಹೊಸ ರಾಗ ಕಲಿಸಲು ಆಗುವುದಿಲ್ಲ. ಗೊತ್ತಿರುವ ರಾಗಕ್ಕೆ ಹೊಸ ಮಾತು ಕೂರಿಸಬೇಕು. ಇದಕ್ಕೆ ಸಭಾಗಾಯನದಲ್ಲಿ ಹಳೆಯ ಅನುಕೂಲವೊಂದಿದೆ: ಹಾಡಿನ ಸಾಲುಗಳ ಅಕ್ಷರಸಂಖ್ಯೆಯನ್ನು ಎಣಿಸಿ 8.6.8.6 ಎಂದೋ 8.8.8.8 ಎಂದೋ ಗುರುತು ಮಾಡಿರುತ್ತಾರೆ, ಒಂದೇ ಗುರುತಿನ ಯಾವ ಮಾತನ್ನಾದರೂ ಯಾವ ರಾಗಕ್ಕಾದರೂ ಹೊಂದಿಸಬಹುದು. ಅದಕ್ಕಾಗಿಯೇ ರಾಗಗಳಿಗೆ ಹಾಡಿನಿಂದ ಬೇರೆಯಾದ ಸ್ವಂತ ಹೆಸರುಗಳಿರುತ್ತವೆ. 8.6.8.6 ಎಲ್ಲಕ್ಕಿಂತ ಸಾಮಾನ್ಯವಾದ ಅಳತೆ. ಇಂಗ್ಲಿಷಿನಲ್ಲಿ ಅದರ ಹೆಸರೂ ಸಾಮಾನ್ಯ ಅಳತೆ ಎಂದೇ.

ಎಲ್ಲರಿಗೂ ಗೊತ್ತಿರುವ ರಾಗವೆಂದು ಮೊದಲು 'ನ್ಯೂ ಬ್ರಿಟನ್' ಅನ್ನು ತೆಗೆದುಕೊಂಡೆವು. ಹೆಸರು ಹೇಳಿದರೆ ಯಾರಿಗೂ ತಿಳಿಯದು, ಆದರೆ ಜಾನ್ ನ್ಯೂಟನ್ 'ಅಮೇಜಿಂಗ್ ಗ್ರೇಸ್' ಎಂದು ಬರೆದು 1779ರಲ್ಲಿ ಅಚ್ಚಾದ ಹಾಡಿಗೆ 1835ರಲ್ಲಿ ವಿಲಿಯಂ ವಾಕರ್ ಜೋಡಿಸಿದ ಆ ರಾಗವನ್ನು ಗುನುಗಿದರೆ ಸಣ್ಣ ಮಗುವೂ ಜೊತೆಗೂಡುತ್ತದೆ. ತೊಂದರೆಯೂ ಅಲ್ಲಿಯೇ ಇತ್ತು. ಗಾಯಕವೃಂದದ ಮೊದಲ ಅಭ್ಯಾಸದಲ್ಲಿ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅರ್ಧ ಜನ ಕೈಯಲ್ಲಿದ್ದ ಕಾಗದವನ್ನು ಬಿಟ್ಟು ಹಳೆಯ ಮಾತುಗಳನ್ನೇ ಹಾಡುತ್ತಿದ್ದರು, ಮುಖದ ಮೇಲೆ ಹಳೆಯ ಹಾಡಿನ ನೆಮ್ಮದಿಯೂ ಇತ್ತು. ಕಾಗದದ ಮೇಲೆ ಎಂಟು ಆರು ಸರಿಹೊಂದಿದರೂ, ಕಳೆದುಹೋಗಿದ್ದೆ, ಈಗ ಸಿಕ್ಕಿದ್ದೇನೆ ಎಂದು ಇನ್ನೂರು ವರ್ಷ ಹತ್ತಿರ ಹೇಳಿದ ರಾಗ ಇನ್ನೂ ಸಿಕ್ಕಿಲ್ಲದವರ ಮಾತಿಗೆ ಒಪ್ಪಲಿಲ್ಲ. ರಾಗ ಬರಿದಾದ ಪಾತ್ರೆಯೆಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಅಳತೆಯ ಪಟ್ಟಿ ನೋಡಿ ರಾಗ ಬದಲಿಸುವ ಚಟ ನನಗೆ ಸ್ವಲ್ಪ ಇತ್ತು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಎರಡನೆಯ ಆಯ್ಕೆ ಹ್ಯೂ ವಿಲ್ಸನ್ ಹೊಂದಿಸಿದ 'ಮಾರ್ಟರ್ಡಮ್'. ಮೂಲದಲ್ಲಿ ಎರಡೆರಡು ಎಣಿಕೆಯ ನಡೆಯಲ್ಲಿದ್ದ ಇದನ್ನು 1825ರಲ್ಲಿ ರಾಬರ್ಟ್ ಸ್ಮಿತ್ ಮೂರು ಮೂರು ಎಣಿಕೆಯ ನಡೆಯಲ್ಲಿ ಪ್ರಕಟಿಸಿದರು, ಈಗ ಹಾಡುವುದು ಹೆಚ್ಚಾಗಿ ಹಾಗೆಯೇ. ನಮ್ಮವರು ಅದನ್ನು ಈಸ್ಟರಿಗೆ ಮುಂಚಿನ ವಾರಗಳಾದ ತಪಸ್ಸುಕಾಲದಲ್ಲಿ ವರ್ಷಕ್ಕೆ ಎರಡು ಮೂರು ಸಲ ಹಾಡುತ್ತಿದ್ದರು. ಪರಿಚಯವಿತ್ತು, ಆದರೆ ಬೇರೆ ಮಾತುಗಳು ನುಗ್ಗಿ ಬರುವಷ್ಟು ಸಲಿಗೆ ಇರಲಿಲ್ಲ. ಹೊಸ ಮಾತಿಗೆ ರಾಗ ಹುಡುಕುವವರಿಗೆ ಈ ಅರೆಪರಿಚಯವೇ ಒಳ್ಳೆಯದು ಎಂದು ನನಗೆ ಅನಿಸುತ್ತದೆ.

ಇನ್ನು ಮಾತು. ಇಲ್ಲಿ ಕನ್ನಡದ್ದೇ ಆದ ಒಂದು ತೊಡಕನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅನುವಾದದ ಹಾಡುಗಳನ್ನು ಹಾಡುವಾಗ ನಮಗೆ ಕಾರಣ ತಿಳಿಯದೆ ಆಗುವ ಮುಜುಗರ ಇದರಿಂದಲೇ ಬರುತ್ತದೆ. ಈ ಅಳತೆಯ ರಾಗಗಳು ಸಾಮಾನ್ಯವಾಗಿ ತಾಳದ ಪೆಟ್ಟಿಗೆ ಮೊದಲೇ, ಎತ್ತುಗಡೆಯಲ್ಲಿ ಆರಂಭವಾಗುತ್ತವೆ. ಮೊದಲನೆಯ ಅಕ್ಷರ ಹಗುರ, ಎರಡನೆಯದು ಭಾರ, ಮೂರನೆಯದು ಹಗುರ, ನಾಲ್ಕನೆಯದು ಭಾರ. ಮೂರರ ನಡೆಯಲ್ಲಿ ಹಗುರಕ್ಕೆ ಒಂದು ಎಣಿಕೆ, ಭಾರಕ್ಕೆ ಎರಡು. ಕನ್ನಡದ ಪದಗಳಾದರೋ ಮೊದಲ ಅಕ್ಷರದ ಮೇಲೆಯೇ ಕಾಲೂರಿ ನಿಲ್ಲುತ್ತವೆ. ಕೀರ್ತನೆಯ ಮೊದಲ ಸಾಲನ್ನು ನಾನು ಹೀಗೆ ಬರೆದಿದ್ದೆ:

ದೇವರೆ ಎಷ್ಟು ಕಾಲವು

ಎಣಿಸಿದರೆ ಎಂಟು ಅಕ್ಷರ, ತಪ್ಪಿಲ್ಲ. ಹಾಡಿದರೆ 'ದೇ' ಒಂದು ಎಣಿಕೆಯಲ್ಲಿ ಮುಗಿದು 'ವ' ಎರಡು ಎಣಿಕೆ ಎಳೆದು, ಕೇಳುವವರಿಗೆ 'ದೆವಾರೆ' ಎಂದಾಗುತ್ತದೆ. ದೀರ್ಘ ಹ್ರಸ್ವವಾಗುತ್ತದೆ, ಹ್ರಸ್ವ ದೀರ್ಘವಾಗುತ್ತದೆ, ದೇವರ ಹೆಸರೇ ಕೆಡುತ್ತದೆ. ಸಾಲಿನ ಉಳಿದ ಭಾಗ ಸರಿಯಾಗಿತ್ತು: 'ಎಷ್ಟು' ಎಂಬುದರ 'ಎ' ಒತ್ತಕ್ಷರದ ಹಿಂದೆ ನಿಂತು ಗುರುವಾಗಿ ಭಾರದ ಮೇಲೆ ಬೀಳುತ್ತಿತ್ತು, 'ಕಾಲ'ದ 'ಕಾ' ಕೂಡ. ಕೆಟ್ಟದ್ದು ಮೊದಲ ಪದವೊಂದೇ. ಅಲ್ಲಿಗೆ ಬೇಕಾದದ್ದು ಲಘು, ಗುರು, ಲಘು ಎಂದು ಬರುವ ಪದ, ಶಾಲೆಯಲ್ಲಿ ಯಮಾತಾರಾಜಭಾನಸಲಗಂ ಉರುಹೊಡೆದವರಿಗೆ ಜಗಣ ಎಂದರೆ ನೆನಪಾದೀತು. ದಯಾಳು ಎಂದು ಹಾಕಿ ನೋಡಿದೆವು. ಸರಿಯಾಗಿ ಕೂತಿತು, ಆದರೆ ನನ್ನನ್ನು ಮರೆತೆಯಾ ಎಂದು ಕೇಳುವವನು ಆ ಗಳಿಗೆಯಲ್ಲಿ ದಯಾಳು ಎಂದು ಕರೆಯುವನೇ ಎಂದು ಹಾರ್ಮೋನಿಯಂ ನುಡಿಸುವ ಹಿರಿಯರು ಕೇಳಿದರು. ಕೊನೆಗೆ ಸತ್ಯವೇದವನ್ನು ತೆರೆದು ನೋಡಿದರೆ ಕೀರ್ತನೆಯಲ್ಲಿ ಇದ್ದ ಯೆಹೋವ ಎಂಬ ದೇವರ ಹೆಸರೇ ಜಗಣವಾಗಿತ್ತು. ಕಾಲವು ಎಂಬುದರ ಕೊನೆಯ 'ವು' ತುಟಿ ಮುಚ್ಚಿ ಧ್ವನಿಯನ್ನು ಒಳಗೇ ಹಿಡಿಯುತ್ತದೆ, ಸಾಲಿನ ಕೊನೆಯಲ್ಲಿ ಎಳೆದು ನಿಲ್ಲಿಸಲು ಬಾಯಿ ತೆರೆಯುವ ಸ್ವರ ಬೇಕು ಎಂದು ಗಾಯಕವೃಂದದ ಹುಡುಗಿಯೊಬ್ಬಳು ಹೇಳಿದ ಮೇಲೆ ಅದನ್ನೂ ತಿದ್ದಿದೆವು:

ಯೆಹೋವ, ಎಷ್ಟು ಕಾಲವೋ
ನೀ ನನ್ನ ಮರೆವೆ?

ಅಂತ್ಯಪ್ರಾಸವನ್ನು ಕೈಬಿಟ್ಟೆವು. ನಮ್ಮ ಹಳೆಯ ಪದ್ಯಗಳು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರದಲ್ಲಿ ಇಟ್ಟುಕೊಂಡು ಬದುಕಿದ್ದವು, ಸಾಲಿನ ಕೊನೆಗೆ ಕಟ್ಟುಬಿದ್ದು ಅರ್ಥವನ್ನು ತಿರುಚುವುದಕ್ಕಿಂತ ಅದಿಲ್ಲದಿರುವುದೇ ಲೇಸು. ಮೂರು ಚರಣಗಳಾದವು. ಮಾತು ನಮ್ಮದು, ರಾಗ ಹಳೆಯದು, ಆದ್ದರಿಂದ ಯಾರ ಹಕ್ಕುಸ್ವಾಮ್ಯದ ಅನುಮತಿಯೂ ಬೇಕಿರಲಿಲ್ಲ.

ಹೆಚ್ಚು ಚರ್ಚೆ ನಡೆದದ್ದು ಮೂರನೆಯ ಚರಣದ ಬಗ್ಗೆ. 13ನೆಯ ಕೀರ್ತನೆ ದೂರಿನಲ್ಲಿ ಆರಂಭವಾಗಿ ಕೊನೆಯ ಎರಡು ವಚನಗಳಲ್ಲಿ ಭರವಸೆಗೆ ತಿರುಗುತ್ತದೆ, ಯೆಹೋವನಿಗೆ ಹಾಡುವೆನು ಎಂದು ಮುಗಿಯುತ್ತದೆ. ಒಂದೇ ಉಸಿರಿನಲ್ಲಿ ಮೂರು ಚರಣಗಳನ್ನೂ ಹಾಡಿದರೆ ಎರಡೂವರೆ ನಿಮಿಷದಲ್ಲಿ ದುಃಖ ಪರಿಹಾರವಾದಂತೆ ಕೇಳಿಸುತ್ತದೆ. ಮೂರನೆಯದನ್ನು ಬಿಟ್ಟರೆ ಕೀರ್ತನೆಯನ್ನೇ ಕತ್ತರಿಸಿದಂತೆ. ಸಮಿತಿಯಲ್ಲಿ ಇಬ್ಬರು ಪೂರ್ತಿ ಹಾಡಬೇಕು ಎಂದರು, ಒಬ್ಬರು ಬಿಡೋಣ ಎಂದರು. ನಾನು ಸೂಚಿಸಿದ್ದು ಬಿಡಿಸಿ ಇಡುವುದನ್ನು: ಆದಿಕಾಂಡದ ಓದಿನ ನಂತರ ಮೊದಲ ಎರಡು ಚರಣ, ಅಲ್ಲಿ ಹಾಡನ್ನು ಮುಗಿಸದೆ ನಿಲ್ಲಿಸಿ ಉಳಿದ ಓದುಗಳೂ ಪ್ರಸಂಗವೂ ನಡೆಯುವುದು, ಪ್ರಸಂಗ ಮುಗಿದ ಮೇಲೆ ಅದೇ ರಾಗದಲ್ಲಿ ಮೂರನೆಯ ಚರಣ. ಕೀರ್ತನೆಕಾರನಿಗೆ ನಾಲ್ಕನೆಯ ವಚನದಿಂದ ಐದನೆಯದಕ್ಕೆ ಬರಲು ಎಷ್ಟು ಕಾಲ ಹಿಡಿಯಿತೋ ಪಠ್ಯ ಹೇಳುವುದಿಲ್ಲ, ನಾವು ಅರ್ಧ ಗಂಟೆಯಾದರೂ ಕೊಡೋಣ ಎಂದೆ. ಅದಕ್ಕೆ ಒಪ್ಪಿಗೆ ಸಿಕ್ಕಿತು.

ಈ ಒಂದು ಹಾಡನ್ನು ಸರಿಮಾಡಲು ಹೋದಾಗ ಉಳಿದ ನಾಲ್ಕನ್ನೂ ಮುಟ್ಟಬೇಕಾಯಿತು. ಆರಂಭದ ಹಾಡನ್ನು ಕಿರಿಯರು ಧ್ವನಿಮುದ್ರಿಕೆಯಲ್ಲಿದ್ದ ಇ ಸ್ಕೇಲಿನಲ್ಲೇ ನುಡಿಸುತ್ತಿದ್ದರು. ಅದರ ಪಲ್ಲವಿ ಮೇಲಿನ ಇ ಸ್ವರವನ್ನು ಮುಟ್ಟಿ ಅಲ್ಲಿಯೇ ಸುಳಿದಾಡುತ್ತದೆ. ತರಬೇತಾದ ಗಂಟಲಿಗೆ ಅದು ಉತ್ಸಾಹದ ಸ್ಥಾಯಿ, ಬೆಳಗಿನ ಹೊತ್ತು ಬಂದು ಕೂತ ಸಾಮಾನ್ಯ ಜನಕ್ಕೆ ಅದು ಸುಮ್ಮನಾಗುವ ಸ್ಥಾಯಿ. ಹೆಂಗಸರ ಧ್ವನಿಯ ಲೆಕ್ಕದಲ್ಲಿ ಮಧ್ಯದ ಸಿ ಸ್ವರದಿಂದ ಮೇಲಿನ ಡಿ ತನಕ, ಗಂಡಸರಿಗೆ ಅದರ ಒಂದು ಸ್ಥಾಯಿ ಕೆಳಗೆ, ಇಷ್ಟರೊಳಗೆ ಬಹುಪಾಲು ಇದ್ದರೆ ಸಭೆ ಹಾಡುತ್ತದೆ. ಸ್ಕೇಲನ್ನು ಸಿ ಗೆ ಇಳಿಸಿದೆವು. ಹಾಡಿನ ಹೊಳಪು ಹೋಗುತ್ತದೆ ಎಂದು ಗಿಟಾರಿನವರು ಬೇಸರಪಟ್ಟರು, ಅವರ ಮಾತಿನಲ್ಲಿ ನಿಜವೂ ಇತ್ತು. ಎರಡನೆಯ ಸ್ತುತಿಯನ್ನು ಪೂರ್ತಿ ಕೈಬಿಟ್ಟೆವು. ಮುಂದಾಳು ಗಾಯಕರ ಮೈಕನ್ನು ಮೊದಲ ಚರಣದ ನಂತರ ತಗ್ಗಿಸಬೇಕೆಂದೂ ನಿರ್ಧರಿಸಿದೆವು. ಮೆಥಡಿಸ್ಟ್ ಪಂಥಕ್ಕೆ ಮೂಲನಾದ ಜಾನ್ ವೆಸ್ಲಿ 1761ರಲ್ಲಿ ಹಾಡುವವರಿಗೆ ಕೊಟ್ಟ ಸೂಚನೆಗಳಲ್ಲಿ ಎಲ್ಲರೂ ಹಾಡಿ, ಧೈರ್ಯದಿಂದ ಹಾಡಿ ಎನ್ನುವುದರ ಜೊತೆಗೆ ಉಳಿದ ಸಭೆಗಿಂತ ಮೇಲೆ ಕೇಳಿಸುವಂತೆ ಅರಚಬೇಡಿ ಎಂದೂ ಇದೆ. ಮೈಕು ಇಲ್ಲದ ಕಾಲದಲ್ಲೇ ಅದನ್ನು ಹೇಳಬೇಕಾಗಿ ಬಂದಿತ್ತು ಎಂಬುದು ನಮ್ಮ ಗಾಯಕರಿಗೆ ಸಮಾಧಾನ ತಂದಿತು. ಕೊನೆಯ ಹಾಡಿಗೆ ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದು ಎನ್ನುವ ಮತ್ತಾಯನ ಓದಿಗೆ ಹೊಂದುವ, ಸೇವೆಗೆ ಕಳುಹಿಸುವ ಹಾಡೊಂದನ್ನು ಇಟ್ಟೆವು.

ಭಾನುವಾರ ತಪ್ಪುಗಳಿಲ್ಲದೆ ನಡೆಯಲಿಲ್ಲ. ಆದಿಕಾಂಡದ ಓದು ಮುಗಿದ ಮೇಲೆ ಹಾರ್ಮೋನಿಯಂ ರಾಗದ ಮೊದಲ ಸಾಲನ್ನು ಮಾತ್ರ ನುಡಿಸಿ ನಿಂತಿತು. ಎತ್ತುಗಡೆಯ ಹಾಡಿಗೆ ಇದು ಸಾಲದು: ಮೊದಲ ಸಾಲು ಮುಗಿದ ಜಾಗದಲ್ಲಿ ರಾಗ ಮುಂದುವರಿಯಲು ಕಾಯುತ್ತಿರುತ್ತದೆ, ಮತ್ತೆ ಆರಂಭಿಸಲು ಅಲ್ಲ. ಮುಂದಿನ ಬೆಂಚುಗಳು 'ಯೆ' ಎಂದು ಹಿಡಿದವು, ಹಿಂದಿನವು ಒಂದು ಎಣಿಕೆ ತಡವಾಗಿ ಬಂದವು, ಮೊದಲ ಎರಡು ಸಾಲುಗಳು ಎರಡು ಗುಂಪುಗಳ ಹಾಡಾದವು. ಮೂರನೆಯ ಸಾಲಿಗೆ ಒಂದಾದರು. ಮೈಕು ತಗ್ಗಿದ ಮೇಲೆ ಎರಡನೆಯ ಚರಣದಲ್ಲಿ ನನಗೆ ಸಭೆಯ ಧ್ವನಿ ಕೇಳಿಸಿತು, ಗಟ್ಟಿಯಾಗಿ ಅಲ್ಲ, ಅಗಲವಾಗಿ. ಆ ತಾಯಿ ಮೊದಲ ಚರಣವನ್ನು ಹಾಡಿ ಎರಡನೆಯದರಲ್ಲಿ ನಿಲ್ಲಿಸಿದರು, ಸುತ್ತಲಿನವರು ಹಾಡುತ್ತಲೇ ಇದ್ದರು. ತಂದೆ ಬಾಯಿ ತೆರೆಯಲಿಲ್ಲ, ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಪ್ರಸಂಗದ ನಂತರದ ಚರಣವನ್ನು ಇಬ್ಬರೂ ಹಾಡಲಿಲ್ಲ, ಮತ್ತು ಅದಕ್ಕೆ ಅವರ ಮೇಲೆ ಯಾವ ಒತ್ತಡವೂ ಇರಲಿಲ್ಲ ಎಂದು ತಾಯಿ ಆಮೇಲೆ ಸಭಾಪಾಲಕರಿಗೆ ಹೇಳಿದರಂತೆ.

ಕೊನೆಯ ಹಾಡಿನ ಬಗ್ಗೆ ನನಗೆ ಈಗ ಅನುಮಾನವಿದೆ. ಅದರ ನಡೆ ಬಿರುಸಾಗಿತ್ತು. ಮಾತು ಓದಿಗೆ ಹೊಂದಿದೆ ಎಂದು ನಡೆಯನ್ನು ನೋಡದೆ ಬಿಟ್ಟಿದ್ದೆವು, ಅಂದರೆ ಮೂರನೆಯ ಜಾಗದಿಂದ ತೆಗೆದ ಚಪ್ಪಾಳೆಯನ್ನು ಐದನೆಯ ಜಾಗದಲ್ಲಿ ಹಿಂಬಾಗಿಲಿನಿಂದ ತಂದಿದ್ದೆವು. ಸಭೆ ಹೊರಗೆ ಹೋಗುವಾಗ ಮಾತನಾಡುವ ಬದಲು ಬೇಗ ಚದುರಿತು.

ಆಕ್ಷೇಪಣೆಯೂ ಬಂತು. ಪುನರುತ್ಥಾನವನ್ನು ನಂಬುವವರು ದೇವರು ತಮ್ಮನ್ನು ಮರೆತಿದ್ದಾನೆಯೇ ಎಂದು ಬಾಯಿಬಿಟ್ಟು ಹಾಡುವುದು ಅವಿಶ್ವಾಸವಲ್ಲವೇ, ಕೀರ್ತನೆಯನ್ನು ಓದಿದರೆ ಸಾಕಿತ್ತು ಎಂದು ಸಭೆಯ ಹಿರಿಯರೊಬ್ಬರು ಬರೆದು ಕೊಟ್ಟರು. ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ ಎಂದು ಶಿಲುಬೆಯ ಮೇಲೆ ಯೇಸು ಕೂಗಿದ ಮಾತು 22ನೆಯ ಕೀರ್ತನೆಯ ಮೊದಲ ವಚನವೇ ಎಂದು ಮಾರ್ಕನ 15ನೆಯ ಅಧ್ಯಾಯವನ್ನು ತೋರಿಸಿದೆವು. ಆತನು ನಮಗಾಗಿ ಕೂಗಿದನು, ಆದ್ದರಿಂದ ನಾವು ಕೂಗಬೇಕಾಗಿಲ್ಲ ಎಂದು ಅವರು ಉತ್ತರಿಸಿದರು. ಅದು ಬೀಸಾಡುವ ವಾದವಲ್ಲ, ಅವರು ಇನ್ನೂ ಒಪ್ಪಿಲ್ಲ. ಓದುವುದಕ್ಕೂ ಹಾಡುವುದಕ್ಕೂ ಇರುವ ವ್ಯತ್ಯಾಸವನ್ನು ಅವರು ಸರಿಯಾಗಿಯೇ ಗುರುತಿಸಿದ್ದಾರೆ, ಅದೇ ವ್ಯತ್ಯಾಸಕ್ಕಾಗಿ ನಾನು ಹಾಡುವುದನ್ನು ಬಯಸುತ್ತೇನೆ: ಓದುವಾಗ ಆ ಪ್ರಶ್ನೆ ಕೀರ್ತನೆ ಯಾರ ಹೆಸರಿನಲ್ಲಿದೆಯೋ ಆ ದಾವೀದನದು, ಹಾಡುವಾಗ ಅದನ್ನು ಕೇಳಲಾಗದೆ ಕೂತವರ ಪರವಾಗಿ ಇಡೀ ಸಭೆ ಕೇಳುತ್ತದೆ.

ಆ ಮೇಲೆ ಕೀರ್ತನೆಯನ್ನು ಎರಡು ಸಲ ಹಾಡಿದ್ದೇವೆ, ಎರಡು ಸಲವೂ ಬಿಡಿಸಿಯೇ. ಹಾಡುಪಟ್ಟಿ ಮಾಡಲು ಕೂತಾಗ ಈಗ ಮೊದಲು ಆ ವಾರದ ಓದುಗಳನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಕಿರಿಯರು ಅದಕ್ಕೆ ಗೊಣಗುವುದೂ ಉಂಟು. ಮೂರು ವರ್ಷಗಳ ಸುತ್ತು ಮುಗಿದು ಮೊರೀಯದ ಓದು ಮತ್ತೆ ಬರುವ ಹೊತ್ತಿಗೆ ಸಮಿತಿಯಲ್ಲಿ ಬೇರೆಯವರು ಇರಬಹುದು, ಆದ್ದರಿಂದ ಸಮಿತಿಯ ಪುಸ್ತಕದಲ್ಲಿ ಆ ಭಾನುವಾರದ ಪುಟಕ್ಕೆ ಮೂರು ಸಾಲು ಬರೆದಿಟ್ಟಿದ್ದೇವೆ: ಪೀಠಿಕೆಗೆ ರಾಗದ ಕೊನೆಯ ಸಾಲನ್ನು ನುಡಿಸಿ, ಮೊದಲನೆಯದನ್ನಲ್ಲ. ಮೂರನೆಯ ಚರಣ ಪ್ರಸಂಗದ ನಂತರ. ಕೊನೆಯ ಹಾಡಿನ ನಡೆ ತಗ್ಗಿಸಿ.